ಹೊಸತೊಡಕಿನ ಮರುದಿನ

2025 ಏಪ್ರಿಲ್ 1, ಮಂಗಳವಾರ

ರಾತ್ರಿ ಒಂಬತ್ತೂವರೆ. ಕಾಲು ಜುಮ್ಮೆನ್ನುತ್ತಿದೆ. ಆದರೂ ಇವತ್ತಿನದ್ದನ್ನು ಇವತ್ತೇ ಬರೆದುಬಿಡಬೇಕು.

ಭಾನುವಾರ ಯುಗಾದಿ, ಸೋಮವಾರ ಹೊಸತೊಡಕು. ನಮ್ಮ ಮಂಡ್ಯ ಕಡೆ ಹೊಸತೊಡಕು ಅಂದರೆ ಬಾಡೂಟ. ಮಂಗಳವಾರ, ಗುರುವಾರ, ಶನಿವಾರ ಬರುವ ಬ್ಯಾಚಿಗೆ ಶನಿವಾರ ಬಿಟ್ಟರೆ ಮತ್ತೆ ಮಂಗಳವಾರವೇ ಡಯಾಲಿಸಿಸ್, ಅಂದರೆ ಕಿಡ್ನಿ ಕೆಲಸ ನಿಂತವರ ರಕ್ತವನ್ನು ಮೆಷಿನ್ನಿನಲ್ಲಿ ತೊಳೆದು ಹೆಚ್ಚಾದ ನೀರು, ಪೊಟ್ಯಾಸಿಯಂ ತೆಗೆಯುವುದು. ವಾರದಲ್ಲಿ ಆ ನಡುವಿನ ದಿನಗಳೇ ದೊಡ್ಡ ಗ್ಯಾಪು, ಅಷ್ಟೂ ದಿನ ಅವು ಮೈಯಲ್ಲೇ ಸೇರುತ್ತಾ ಹೋಗುತ್ತವೆ. ಹಾರ್ಟ್ ಅಟ್ಯಾಕ್, ಇದ್ದಕ್ಕಿದ್ದಂತೆ ಸಾವು, ಇವೆಲ್ಲ ಈ ದೊಡ್ಡ ಗ್ಯಾಪು ಮುಗಿಯುವ ದಿನವೇ ಜಾಸ್ತಿ ಅಂತ ಅಮೆರಿಕದಲ್ಲಿ 30 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ನೋಡಿ 2011ರಲ್ಲೇ ಹೇಳಿದ್ದಾರೆ. ಈ ಸಲ ಆ ಗ್ಯಾಪಿನ ಒಳಗೇ ಎರಡು ಹಬ್ಬದೂಟ ಬಂದು ಕೂತಿದ್ದವು. ಬೆಳಿಗ್ಗೆ ಆರಕ್ಕೆ ನಮ್ಮ ಡಯಾಲಿಸಿಸ್ ಯೂನಿಟ್ ಬಾಗಿಲು ತೆಗೆಯುವಾಗಲೇ ನನಗೆ ಒಳಗೊಳಗೇ ದಿಗಿಲು.

ಮೊದಲು ಬಂದಿದ್ದು ಅಜ್ಜಿ. ಹಬ್ಬಕ್ಕೆ ಮಗಳ ಮನೆಗೆ ಹೋಗಿ ಶನಿವಾರದ ಡಯಾಲಿಸಿಸ್ ತಪ್ಪಿಸಿಕೊಂಡಿದ್ದರು. ಮಗ ಹೆಚ್ಚುಕಮ್ಮಿ ಎತ್ತಿಕೊಂಡೇ ಬಂದ. "ಕಾಲಲ್ಲಿ ಸಕ್ತಿನೇ ಇಲ್ಲ ಕಣವ್ವ" ಅಂದರು. ನಾಡಿ ಹಿಡಿದೆ, ನಿಮಿಷಕ್ಕೆ 46. ನನ್ನ ಎದೆ ಧಸಕ್ ಅಂತು. ನಮ್ಮಲ್ಲಿ ಇರುವ ಒಂದೇ ಒಂದು ಮಾನಿಟರನ್ನು ಅವರ ಎದೆಗೆ ಹಚ್ಚಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಇಸಿಜಿಯಲ್ಲಿ ಟಿ ಅಲೆಗಳು ಡೇರೆಯ ತುದಿಯ ಹಾಗೆ ಚೂಪಾಗಿ ಎದ್ದಿದ್ದವು. ಪೊಟ್ಯಾಸಿಯಂ ಏರಿದೆ ಎನ್ನುವುದಕ್ಕೆ ಲ್ಯಾಬ್ ರಿಪೋರ್ಟ್ ಬರುವವರೆಗೂ ಕಾಯುವ ಹಾಗಿರಲಿಲ್ಲ. ಮೊದಲು ಕ್ಯಾಲ್ಸಿಯಂ ಇಂಜೆಕ್ಷನ್, ಹಿಂದೆಯೇ ಡಯಾಲಿಸಿಸ್. ಕ್ಯಾಲ್ಸಿಯಂ ಪೊಟ್ಯಾಸಿಯಂ ಅನ್ನು ಇಳಿಸುವುದಿಲ್ಲ, ಸ್ವಲ್ಪ ಹೊತ್ತು ಹೃದಯವನ್ನು ಕಾಪಾಡುತ್ತದೆ ಅಷ್ಟೆ. ಇಳಿಸುವುದು ಮೆಷಿನ್ನೇ. ಅದೂ ಮೊದಲ ಒಂದೆರಡು ಗಂಟೆಯಲ್ಲೇ ಬೇಗ ಇಳಿಯುವುದು. ಸರ್ರನೆ ಇಳಿದರೂ ಹೃದಯ ತಾಳ ತಪ್ಪಬಹುದು. ಅದಕ್ಕೇ ನಾನು ಮಾನಿಟರಿನ ಮುಂದಿನಿಂದ ಕದಲಲಿಲ್ಲ. ಒಂದು ಗಂಟೆಯಾಗುವಾಗ ನಾಡಿ 64ಕ್ಕೆ ಬಂತು. ಅಜ್ಜಿ ಕಣ್ಣು ಬಿಟ್ಟು, "ಮೊಮ್ಮಗಂಗೆ ಹೋಳಿಗೆ ತಿನ್ನಿಸ್ದೆ" ಅಂದರು.

ಆದರೆ ಇವತ್ತು ನನ್ನ ತಲೆಯಲ್ಲಿ ಉಳಿದಿರುವುದು ಮೂರನೇ ಮೆಷಿನ್ನಿನ ಯಜಮಾನರು.

ಕಬ್ಬು ಬೆಳೆಯುವವರು. ಸಕ್ಕರೆ ಕಾಯಿಲೆ ಬಂದು 20 ವರ್ಷ ಆಗಿದೆ. ಡ್ರೈ ವೇಟ್, ಅಂದರೆ ಮೈಯಲ್ಲಿ ಹೆಚ್ಚುವರಿ ನೀರಿಲ್ಲದಾಗ ಇರಬೇಕಾದ ತೂಕ, 58 ಕೆಜಿ. ಇವತ್ತು ತಕ್ಕಡಿ ತೋರಿಸಿದ್ದು 62.2. ರಾತ್ರಿಯೆಲ್ಲ ದಿಂಬಿಗೆ ಒರಗಿ ಕೂತೇ ಇದ್ದರಂತೆ. "ಅಷ್ಟನ್ನೂ ತೆಗೆದ್ಬುಡವ್ವ, ಇವತ್ತಾದ್ರೂ ಮಲಗ್ತೀನಿ" ಅಂದರು. ಉಸಿರು ಕಟ್ಟಿ ಕೂತವರ ಬಾಯಲ್ಲಿ ಆ ಮಾತು ಬಂದಾಗ ಆಗಲ್ಲ ಅನ್ನುವುದು ತುಂಬಾ ಕಷ್ಟ.

ಆದರೂ ಆಗಲ್ಲ ಅಂದೆ. ಗಂಟೆಗೆ, ಒಂದು ಕೆಜಿ ತೂಕಕ್ಕೆ 13 ಮಿಲಿ ಮೀರಿ ನೀರು ತೆಗೆಯಬಾರದು ಅನ್ನುವುದು ನಾವು ಇಟ್ಟುಕೊಂಡಿರುವ ಗಡಿ. ಅವರ ಲೆಕ್ಕಕ್ಕೆ ಗಂಟೆಗೆ ಮುಕ್ಕಾಲು ಲೀಟರ್. ನಾಲ್ಕು ಗಂಟೆಗೆ ಮೂರು ಲೀಟರ್. ಡಾಕ್ಟರ್ ಹತ್ತಿರ ಮಾತಾಡಿ ಅರ್ಧ ಗಂಟೆ ಹೆಚ್ಚಿಸಿಕೊಂಡೆ, 3.3 ಲೀಟರಿಗೆ ಇಟ್ಟೆ. ಮೆಷಿನ್ನಿನ ನೀರಿನ ಬಿಸಿಯನ್ನು 36 ಡಿಗ್ರಿಗೆ ಇಳಿಸಿದೆ. ಸ್ವಲ್ಪ ತಣ್ಣಗಿದ್ದರೆ ರಕ್ತನಾಳಗಳು ಬಿಗಿಯಾಗಿ ಬಿಪಿ ನಿಲ್ಲುತ್ತದೆ. ಈ ಏಪ್ರಿಲ್ ಸೆಖೆಯಲ್ಲೂ ಅವರು ಕಂಬಳಿ ಕೇಳಿದರು. ಹೊದಿಸಿದೆ, ಆದರೆ ಫಿಸ್ಟುಲಾ, ಅಂದರೆ ಸೂಜಿ ಹಾಕಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಇರುವ ಕೈಯನ್ನು ಮಾತ್ರ ಹೊರಗೇ ಇಟ್ಟೆ. ಸೂಜಿ ಜಾರಿದರೆ ಕಾಣಬೇಕಲ್ವಾ.

ಎಂಟೂವರೆಗೆ ಬಿಪಿ 146. ಒಂಬತ್ತೂವರೆಗೆ 138. ಚೆನ್ನಾಗಿಯೇ ಇತ್ತು. ಮುಂದಿನ ರೀಡಿಂಗ್ ಹತ್ತಕ್ಕೆ.

ಒಂಬತ್ತು ನಲವತ್ತಕ್ಕೆ ಅಜ್ಜಿಯ ಹತ್ತಿರದಿಂದ ತಿರುಗಿ ನೋಡಿದೆ. ಯಜಮಾನರು ಆಕಳಿಸಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಆಕಳಿಕೆ. ಅಲ್ಲಿಯವರೆಗೆ ಪಕ್ಕದ ಮೆಷಿನ್ನಿನ ಭಾಯ್ ಜೊತೆ ನಾಲೆ ನೀರು ಯಾವಾಗ ಬಿಡ್ತಾರೆ ಅಂತ ಮಾತಾಡುತ್ತಿದ್ದವರು ಸುಮ್ಮನಾಗಿದ್ದರು. ಮೂಗಿನ ತುದಿಯಲ್ಲಿ ಸಣ್ಣ ಬೆವರು. ಯಾವ ಅಲಾರಮ್ಮೂ ಹೊಡೆದಿರಲಿಲ್ಲ. ಓಡಿ ಹೋಗಿ ಬಿಪಿ ಬಟನ್ ಒತ್ತಿದೆ. ಕಫ್ ಉಬ್ಬಿ ಇಳಿಯುವಷ್ಟರಲ್ಲಿ ನೀರು ತೆಗೆಯುವುದನ್ನು ನಿಲ್ಲಿಸಿದ್ದೆ. 92 ಮೇಲೆ, 58 ಕೆಳಗೆ. ತಲೆ ತಗ್ಗಿಸಿ, ಕಾಲು ಎತ್ತರಿಸಿ, 150 ಮಿಲಿ ಸಲೈನ್ ಬಿಟ್ಟೆ. ಐದು ನಿಮಿಷಕ್ಕೆ 112. "ಕಣ್ಣು ಮಂಜಾಗಿತ್ತು, ಈಗ ಬುಡ್ತು" ಅಂದರು.

ಹತ್ತು ಗಂಟೆಯ ರೀಡಿಂಗಿಗೆ ಕಾದಿದ್ದರೆ? ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಆಸ್ಪತ್ರೆಯಲ್ಲಿ ಹಾಗೇ ಕಾದಿದ್ದೆ. ಒಬ್ಬ ಅಮ್ಮ ಆಕಳಿಸುತ್ತಿದ್ದರು, ನಿದ್ದೆ ಬರುತ್ತಿದೆ ಅಂದುಕೊಂಡು ಲೈಟ್ ಆರಿಸಿ ಬಂದಿದ್ದೆ. ರೀಡಿಂಗ್ ಹೊತ್ತಿಗೆ ಅವರಿಗೆ ಪ್ರಜ್ಞೆ ಇರಲಿಲ್ಲ. ಉಳಿದರು, ದೇವರು ದೊಡ್ಡವನು. ಆವತ್ತಿನಿಂದ ಆಕಳಿಕೆ ಕಂಡರೆ ನಾನು ಕೂರುವುದಿಲ್ಲ.

ಇವತ್ತು ಯಜಮಾನರ ನಾಡಿಯೂ ಏನೂ ಹೇಳಲಿಲ್ಲ. ಬಿಪಿ 92 ಇದ್ದಾಗಲೂ ನಾಡಿ 72. ಬೇರೆಯವರಿಗಾದರೆ ಹೃದಯ ಓಡಲು ಶುರು ಮಾಡಿ ಸುಳಿವು ಕೊಡುತ್ತದೆ. ಇವರಿಗೆ ಸಕ್ಕರೆ ಕಾಯಿಲೆಯಿಂದ ಹೃದಯಕ್ಕೆ ಸುದ್ದಿ ಒಯ್ಯುವ ನರಗಳು ಮಂಕಾಗಿವೆ. ಮೇಲೆ ಮೆಟೊಪ್ರೊಲಾಲ್ ಮಾತ್ರೆ ಬೇರೆ, ಅದು ಹೃದಯವನ್ನು ಓಡಲು ಬಿಡುವುದಿಲ್ಲ. ಇಂಥವರ ವಿಷಯದಲ್ಲಿ ನಾಡಿ ಸರಿ ಇದೆ ಅಂತ ಚಾರ್ಟಿನಲ್ಲಿ ಬರೆದು ನೆಮ್ಮದಿಯಾಗಿ ಇರುವ ಹಾಗಿಲ್ಲ.

ಕಾರಣ ಹುಡುಕಿದೆ. ಡಯಾಲಿಸಿಸ್ ದಿನ ಬೆಳಗಿನ ಬಿಪಿ ಮಾತ್ರೆ ಬೇಡ, ಮುಗಿದ ಮೇಲೆ ತಗೊಳ್ಳಿ ಅಂತ ಡಾಕ್ಟರ್ ಇವರಿಗೆ ಹೇಳಿದ್ದರು. ಉಸಿರಾಟ ನೋಡಿ ಹೆದರಿ ಹೆಂಡತಿ ಐದು ಗಂಟೆಗೇ ಕೊಟ್ಟಿದ್ದರು. ನಾನು ಅಜ್ಜಿಯ ಮಾನಿಟರಿನ ಮುಂದೆ ಇದ್ದಾಗ ನಾಲ್ಕು ಇಡ್ಲಿಯನ್ನೂ ತಿನ್ನಿಸಿದ್ದರು. ಊಟ ಒಳಗೆ ಹೋದರೆ ರಕ್ತ ಹೊಟ್ಟೆಯ ಕಡೆ ಹರಿಯುತ್ತದೆ. ಮೊದಲೇ ಕಮ್ಮಿ ಇರುವಾಗ ಬಿಪಿ ಜಾರದೆ ಇನ್ನೇನಾಗುತ್ತದೆ? ಆ ಅಕ್ಕ ಅಳಲು ಶುರು ಮಾಡಿದರು. ಪಾಪ, ಪ್ರೀತಿಯಿಂದಲೇ ಮಾಡಿದ್ದು. ನಾನೇ ಮೊದಲು ಕೇಳಬೇಕಿತ್ತು. ನಾಳೆಯಿಂದ ಸೂಜಿ ಹಾಕುವ ಮುಂಚೆ, ಬೆಳಿಗ್ಗೆ ಏನು ನುಂಗಿದ್ರಿ ಅಂತ ಎಲ್ಲರನ್ನೂ ಕೇಳಿ ಬರೆದುಕೊಳ್ಳುತ್ತೇನೆ.

ಸ್ವಲ್ಪ ಸುಧಾರಿಸಿದ ಮೇಲೆ ಯಜಮಾನರು ಕೇಳಿದರು, "ಮೈ ತುಂಬ ನೀರೈತೆ ಅಂತೀರಿ, ತೆಗೆದ್ರೆ ಬಿಪಿ ಬಿತ್ತು ಅಂತೀರಿ. ಇದೆಂಗೆ?" ಎಷ್ಟು ಒಳ್ಳೆಯ ಪ್ರಶ್ನೆ! ಮೆಷಿನ್ ಎಳೆಯುವುದು ರಕ್ತದಿಂದ ಮಾತ್ರ, ರಕ್ತದಲ್ಲಿ ನೀರಿನ ಭಾಗ ಎರಡೂವರೆ ಮೂರು ಲೀಟರ್ ಅಷ್ಟೆ, ಉಳಿದದ್ದೆಲ್ಲ ಕಾಲಲ್ಲಿ, ಹೊಟ್ಟೆಯಲ್ಲಿ, ಮಾಂಸದ ಒಳಗೆ ನಿಂತಿದೆ, ಅದು ನಿಧಾನಕ್ಕೆ ರಕ್ತಕ್ಕೆ ಬರಬೇಕು ಅಂತ ವಿವರಿಸುತ್ತಿದ್ದೆ. ಅವರೇ ಮುಗಿಸಿದರು: "ಓ, ಬಾವಿ ಇದ್ದಂಗೆ. ಜಲ ಊರಕ್ಕೆ ಬುಡದೆ ಮೋಟ್ರು ಓಡಿಸಿದ್ರೆ ತಳ ಕಾಣ್ತದೆ." ಇಷ್ಟು ವರ್ಷ ನಾನು ಇದನ್ನು ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಅವರಿಗೆ ಇನ್ನೊಂದನ್ನೂ ಹೇಳಿದೆ. ಬಿಪಿ ಬಿದ್ದು ಎದ್ದರೆ ಮುಗಿಯಿತು ಅಂತಲ್ಲ. ಇಂಗ್ಲೆಂಡಿನ ಡರ್ಬಿಯಲ್ಲಿ ಕ್ರಿಸ್ ಮ್ಯಾಕಿಂಟೈರ್ ಅನ್ನುವ ಡಾಕ್ಟರ್ ತಂಡ ಡಯಾಲಿಸಿಸ್ ನಡೆಯುತ್ತಿರುವಾಗಲೇ ರೋಗಿಗಳ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿ ನೋಡಿತು. 2009ರಲ್ಲಿ ಅವರು ಪ್ರಕಟಿಸಿದ್ದರಲ್ಲಿ 70 ರೋಗಿಗಳಿದ್ದರು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಹೃದಯದ ಗೋಡೆಯ ಕೆಲವು ಭಾಗ ಆ ಹೊತ್ತಿಗೆ ಸರಿಯಾಗಿ ಕುಗ್ಗುತ್ತಿರಲಿಲ್ಲ, ಮಂಕು ಹಿಡಿದ ಹಾಗೆ ನಿಂತಿತ್ತು. ಎದೆನೋವು ಇಲ್ಲದಿದ್ದರೂ ಹೀಗಾಗಬಹುದು. ನೀರು ಜಾಸ್ತಿ ಎಳೆದಷ್ಟೂ, ಬಿಪಿ ಜಾಸ್ತಿ ಬಿದ್ದಷ್ಟೂ ಇದು ಜಾಸ್ತಿ. ಮತ್ತೆ ಮತ್ತೆ ಹಾಗಾದರೆ ಹೃದಯ ಸೋಲುತ್ತದೆ. ವಾರಕ್ಕೆ ಮೂರು ಸಲ, ವರ್ಷಕ್ಕೆ 156 ಸಲ ಇಲ್ಲಿ ಮಲಗುವವರು ಇವರು. ಕಿಡ್ನಿಯ ಕೆಲಸ ಮೆಷಿನ್ ಮಾಡೀತು. ಹೃದಯಕ್ಕೆ ನಮ್ಮ ಹತ್ತಿರ ಬದಲಿ ಇಲ್ಲ.

ಆಮೇಲೆ ಗಂಟೆಗೆ 500 ಮಿಲಿಗೆ ಇಳಿಸಿ, ಹದಿನೈದು ನಿಮಿಷಕ್ಕೊಮ್ಮೆ ಬಿಪಿ ನೋಡುತ್ತಾ ಮುಗಿಸಿದೆ. ಒಟ್ಟು 2.7 ಲೀಟರ್ ಬಂತು. ಸಲೈನ್, ಕೊನೆಗೆ ರಕ್ತ ವಾಪಸ್ ತಳ್ಳಲು ಬಿಟ್ಟಿದ್ದು ಎಲ್ಲ ಸೇರಿ ತೂಕ 59.8. ಕೂತಾಗ ಬಿಪಿ 124, ನಿಂತಾಗ 116. ಎದ್ದ ಕೂಡಲೇ ನಡೆಯಲು ಬಿಡಲಿಲ್ಲ, ಹತ್ತು ನಿಮಿಷ ಕೂರಿಸಿಕೊಂಡೆ.

ಆ ಹತ್ತು ನಿಮಿಷ ಅಕ್ಕನ ಜೊತೆ ಉಪ್ಪಿನ ಮಾತು. ನೀರು ಕುಡೀಬೇಡಿ ಅಂತ ಬೈದು ಪ್ರಯೋಜನ ಇಲ್ಲ ಅಂತ ನನಗೆ ಗೊತ್ತಾಗಿದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಒಂದು ಲೀಟರ್ ಸಲೈನ್ ಬಾಟಲಿ ತೋರಿಸಿ, ಇದರಲ್ಲಿ ಇರುವುದು 9 ಗ್ರಾಂ ಉಪ್ಪು, ಹೆಚ್ಚುಕಮ್ಮಿ ಅಷ್ಟು ಉಪ್ಪು ಮೈಯಲ್ಲಿ ಉಳಿದರೆ ಒಂದು ಲೀಟರ್ ನೀರನ್ನು ಹಿಡಿದಿಟ್ಟುಕೊಳ್ಳುತ್ತೆ ಅಂದೆ. ಅಕ್ಕ ಬಾಟಲಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಹಪ್ಪಳ, ಉಪ್ಪಿನಕಾಯಿ ನಾನೂ ಬುಡ್ತೀನಿ. ಮನೇಲಿದ್ರೆ ಅವರು ಕೇಳ್ತಾರೆ" ಅಂದರು.

ಉಳಿದ ನೀರಿಗೆ ನಾಳೆ ಒಂದು ಸೆಷನ್ ಕೊಡೋಣ ಅಂದರು ಡಾಕ್ಟರ್. ನಾಳೆ ಎರಡನೇ ಶಿಫ್ಟಿನಲ್ಲಿ ಒಬ್ಬರು ಬರುವುದಿಲ್ಲ, ಮೆಷಿನ್ ಖಾಲಿ. ಬಸ್ ಚಾರ್ಜಿಗೆ ಅಕ್ಕ ಸ್ವಲ್ಪ ಹಿಂದೆಮುಂದೆ ನೋಡಿದರು. ಅವರ ಊರಿನಿಂದಲೇ ಬರುವ ಆ ಭಾಯ್, "ನಂ ಹುಡ್ಗ ಬೈಕಲ್ಲಿ ಬಿಡ್ತಾನೆ, ಯೋಚ್ನೆ ಬುಡಿ" ಅಂದರು. ನಿನ್ನೆ ರಂಜಾನ್ ಅಂತ ನಮಗೆಲ್ಲ ಡಬ್ಬಿ ತುಂಬ ಶೀರ್ ಕುರ್ಮಾ ತಂದು, ತಾವು ಎರಡೇ ಚಮಚ ತಿಂದು, ಬರೀ ಒಂದೂವರೆ ಕೆಜಿ ಏರಿಸಿಕೊಂಡು ಬಂದಿದ್ದ ಪುಣ್ಯಾತ್ಮ.

ಅರ್ಧ ಗಂಟೆ ಹಿಂದೆ ಅಕ್ಕನಿಗೆ ಫೋನ್ ಮಾಡಿದ್ದೆ. ಒಂದೇ ದಿಂಬು ಹಾಕಿಕೊಂಡು ಮಲಗಿದ್ದಾರಂತೆ. ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇನೆ: ಬುಧವಾರ, ಮಧ್ಯಾಹ್ನ ಒಂದೂವರೆ, ಮೂರನೇ ಮೆಷಿನ್, ಎರಡೂವರೆ ಗಂಟೆ, ಒಂದೂವರೆ ಲೀಟರ್, ನಿಧಾನಕ್ಕೆ.