ಜೂನ್ ಒಂದಕ್ಕೆ ಹುಟ್ಟಿದವರು

ಸೋಮವಾರ ಬೆಳಗ್ಗೆ ಹುಬ್ಬಳ್ಳಿ ವಿದ್ಯಾನಗರದ ಮನೆ ಕಟ್ಟೆ ಮೇಲೆ ಪೇಪರ್ ಹಿಡಿದು ಕೂತಿದ್ದೆ. ಅಕ್ಕನ ವಿಡಿಯೋ ಕಾಲ್ ಬಂತು. ಆರಾಮಿದ್ದೀಯಾ ಅಂತಲೂ ಇಲ್ಲ, "ಏನ್ ಮಾಸ್ತರ, ನಿಮ್ಮ ಜೂನ್ ಒಂದು ನನ್ನ ಜೀವಾ ತಗೀತಿತ್ತು" ಅಂತಲೇ ಶುರು ಮಾಡಿದಳು.

ಅವಳ ಮಗ ಇರುವುದು ಸಿಯಾಟಲ್ ಹತ್ತಿರ. ಮೂವರು ಗೆಳೆಯರ ಜೊತೆ ಸೇರಿ ಹಳೇ ಸೆಸ್ನಾ ವಿಮಾನ ಕೊಂಡಿದ್ದಾನೆ. ನಾಲ್ಕು ಸೀಟು, ಮುಂದೆ ಒಂದು ಫ್ಯಾನು. ದುಡ್ಡು ಜಾಸ್ತಿಯಾದವರ ಹುಚ್ಚು ಅಂತ ಅವನ ಮುಖಕ್ಕೇ ಹೇಳಿದ್ದೇನೆ. ಹೋದ ಶನಿವಾರ ಅದರಲ್ಲೇ ಅವ್ವನನ್ನು ಕೂರಿಸಿಕೊಂಡು ಕೆನಡಾದ ವಿಕ್ಟೋರಿಯಾಕ್ಕೆ ಹೋಗಿ ಬಂದ. ಅದಕ್ಕಂತಲೇ ವೀಸಾ ಬೇರೆ ಮಾಡಿಸಿದ್ದ.

ಹೋಗುವಾಗ ಸಲೀಸು. ಕೆನಡಾದ ಕಸ್ಟಮ್ಸ್‌ಗೆ ಕನಿಷ್ಠ 2 ತಾಸು ಮೊದಲು ಫೋನ್ ಮಾಡಬೇಕು, ಇಳಿದ ಮೇಲೆ ಇನ್ನೊಮ್ಮೆ. ಫೋನಿನಲ್ಲೇ ಒಂದು ನಂಬರ್ ಬರೆಸಿ, ಹೋಗಿ ಅಂದರು. ಯಾರೂ ಬರಲೇ ಇಲ್ಲ. ಅಕ್ಕನಿಗೆ ಅದೇ ಬೇಜಾರು. ಸೆರಗು ಸರಿಮಾಡಿಕೊಂಡು, ಪಾಸ್‌ಪೋರ್ಟ್ ಎದೆಗೆ ಹಿಡಿದು ಕಾದಿದ್ದಳಂತೆ.

ವಾಪಸ್ ಬರುವಾಗ ಬೇರೆ ಕಥೆ. ಹೊರಡುವ 60 ನಿಮಿಷ ಮೊದಲೇ ವಿಮಾನದಲ್ಲಿರುವ ಎಲ್ಲರ ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ತಾರೀಖು ಅಮೆರಿಕದ ಕಸ್ಟಮ್ಸ್‌ಗೆ ಆನ್‌ಲೈನ್‌ನಲ್ಲಿ ಕಳಿಸಬೇಕು. ಇಳಿಯುವ ಊರಿನ ಕಸ್ಟಮ್ಸ್‌ನವರಿಗೆ ಫೋನ್ ಮಾಡಿ ಇಷ್ಟು ಹೊತ್ತಿಗೆ ಬರ್ತೀವಿ ಅನ್ನಬೇಕು. ಮೊದಲು ಅವರು ಹೇಳಿದ ಕಡೆಯೇ ಇಳಿಯಬೇಕು, ಸೀದಾ ಮನೆ ಹತ್ತಿರದ ರನ್‌ವೇಗೆ ಹೋಗೋ ಹಾಗಿಲ್ಲ. ತಪ್ಪಿದರೆ ಪೈಲಟ್‌ಗೆ ಮೊದಲ ಸಲಕ್ಕೇ 5,000 ಡಾಲರ್‌ವರೆಗೆ ದಂಡ. ಬೆಲ್ಲಿಂಗ್‌ಹ್ಯಾಮ್‌ನಲ್ಲಿ ಇಳಿದು ಇಂಜಿನ್ ಬಂದ್ ಮಾಡಿದರು. ಆಫೀಸರ್ ಬರುವವರೆಗೆ ಕೆಳಗೆ ಕಾಲಿಡುವಂತಿಲ್ಲ. ಅಕ್ಕನ ಮೊಣಕಾಲು ಹಿಡಿದುಕೊಂಡಿದ್ದವು.

ಆಫೀಸರಮ್ಮ ಬಂದಳು. ಪಾಸ್‌ಪೋರ್ಟ್ ನೋಡಿದಳು. ಅಕ್ಕನ ಕಡೆ ಬಗ್ಗಿ ಹುಟ್ಟಿದ ದಿನ ಯಾವುದು ಅಂತ ಕೇಳಿದಳು. ಮಗ ಅದನ್ನು ಕನ್ನಡದಲ್ಲಿ ಹೇಳಿದ.

"ಪಂಚಮಿ ಮರುದಿನ. ಮಳಿ ಧೋ ಅಂತ ಸುರೀತಿತ್ತು. ಸೂಲಗಿತ್ತಿ ಹಳ್ಳ ದಾಟಿ ಬರೋದ್ರಾಗ ನಾ ಹುಟ್ಟೇಬಿಟ್ಟಿದ್ದೆ ಅಂತ ಹೇಳು."

ಮಗ ಹೇಳಿದ್ದು ಇಷ್ಟೇ: "ಜೂನ್ ಒಂದು."

ಆಫೀಸರಮ್ಮ ಒಂದು ಗಳಿಗೆ ಸುಮ್ಮನಾಗಿ, "ಅವರು ಅಷ್ಟುದ್ದ ಹೇಳಿದರು, ನೀನು ಇಷ್ಟೇ ಹೇಳ್ತೀಯಲ್ಲ?" ಅಂದಳಂತೆ.

ಮಗನ ಬೆವರಿಳಿದಿರಬೇಕು. ಆಮೇಲೆ ಎಲ್ಲ ಬಿಡಿಸಿ ಹೇಳಿದನಂತೆ. ಅವಳು ನಕ್ಕು, ಚಟ್ನಿಪುಡಿ ಡಬ್ಬಿ ನೋಡಿ, ಕಳಿಸಿಕೊಟ್ಟಳು. ಅಕ್ಕ ಇದನ್ನು ನಗುತ್ತಲೇ ಹೇಳಿದಳು, ನಾನೂ ನಕ್ಕೆ. ಸೂಲಗಿತ್ತಿಯನ್ನೂ ಹಳ್ಳವನ್ನೂ ನುಂಗಿ 'ಜೂನ್ ಒಂದು' ಅಂದುಬಿಟ್ಟನಲ್ಲ ಹುಡುಗ, ಅಂತ ಸ್ವಲ್ಪ ಸಿಟ್ಟೂ ಬಂತು. ಆದರೆ ಅವನಾದರೂ ಏನು ಮಾಡಬೇಕಿತ್ತು? ಒಂದು ತಾಸು ಮೊದಲೇ ಕಳಿಸಿದ ಪಟ್ಟಿಯಲ್ಲಿ ಇದ್ದದ್ದು ಅದೇ.

"ಅವರು ಅಷ್ಟುದ್ದ ಹೇಳಿದರು." ಈ ವಾರವೆಲ್ಲ ಆ ಮಾತು ತಲೆಯಲ್ಲಿ ಕೂತಿದೆ. ಗೋಕುಲ ರಸ್ತೆ ಕಡೆಯಿಂದ ವಿಮಾನದ ಸದ್ದು ಬಂದಾಗಲೂ ಅದೇ ನೆನಪು.

ಯಾಕೆಂದರೆ ಅಕ್ಕನ ತಾರೀಖು ಬರೆದವರು ನಮ್ಮೂರ ಹಳೇ ಮಾಸ್ತರು, ಸರಿ. ಆದರೆ ಅಣ್ಣಿಗೇರಿ ಕಡೆಯ ಶಾಲೆಗಳಲ್ಲಿ ಎಷ್ಟೋ ವರ್ಷ ದಾಖಲಾತಿ ಪುಸ್ತಕ ಬರೆದವನು ನಾನೇ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಬೇಕು, ಜೂನ್ ಒಂದು ಅಂತ ಹಾಕಿದರೆ ಲೆಕ್ಕ ಸಲೀಸು. ಮಕ್ಕಳಿಗೆ ಅನುಕೂಲ ಅಂತ ಹೇಳ್ತಿದ್ದೆ. ನನಗೂ ಅನುಕೂಲವೇ ಆಗಿತ್ತು ಬಿಡಿ.

ಒಬ್ಬ ತಾಯಿ ಬಾಗಿಲ ಹೊರಗೇ ನಿಂತಿದ್ದಳು. ಮಗ ಅವಳ ಸೀರೆ ಹಿಡಿದಿದ್ದ. ಯಾವಾಗ ಹುಟ್ಟಿದ ಅಂತ ಕೇಳಿದೆ. "ಬೆಣ್ಣಿಹಳ್ಳ ತುಂಬಿ ಬಂದಿತ್ತಲ್ರೀ ಸರ, ಆ ವರ್ಷ. ಹತ್ತಿ ಬಿಡಸಾಕ ಹೋದಾಗ, ಹೊಲದಾಗ, ಮಧ್ಯಾಹ್ನ..." ಅವಳ ಮಾತು ಇನ್ನೂ ಮುಗಿದಿರಲಿಲ್ಲ. ನಾನು ಬರೆದು, ಒತ್ತುಕಾಗದ ಒತ್ತಿ, "ಮುಂದಿನವರು ಬರ್ರಿ" ಅಂದಿದ್ದೆ.