ಫಾರ್ ಲೂಪ್ ಇಲ್ಲದೆ ಪ್ರೋಗ್ರಾಂ ಬರೆಯೂದು ಹೇಗೆ? – ಎಲ್ರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೀತೇನೆ ಅಂತ ಗೊತ್ತಾದವರೆಲ್ಲ ಕೇಳೂದು ಒಂದೇ. ಮಂಗಳೂರಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಕೇಳಿದ, ಬೆಂಗಳೂರಲ್ಲಿ ಹತ್ತು ವರ್ಷದಿಂದ ಜಾವಾ ಬರೆಯುವ ಭಾವ ಕೇಳಿದ್ರು, ಕುಂಬಳೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ದೋಸ್ತಿಯೂ ಕೇಳಿದ: "ಒಂದೇ ಕೆಲಸ ಪುನಃ ಪುನಃ ಮಾಡಿಸುವ ಫಾರ್ ಲೂಪ್ ಇಲ್ಲ, ವೇರಿಯಬಲ್ಲಿಗೆ ಒಮ್ಮೆ ಹಾಕಿದ್ದನ್ನು ಬದಲಾಯಿಸ್ಲಿಕ್ಕೆ ಬಿಡೂದಿಲ್ಲ, ಮತ್ತೆ ಅದ್ರಲ್ಲಿ ಕೆಲಸ ಮಾಡೂದು ಹೇಗೆ ಮಾರಾಯಾ, ಎಲ್ಲಿಂದ ಶುರು ಮಾಡೂದು?"

ಮೊದಲು ಎಲ್ಲಿಂದ ಶುರು ಮಾಡ್ಬಾರ್ದು ಅಂತ ಹೇಳ್ತೇನೆ. ಮೊನಾಡ್‌ನಿಂದ. ಹ್ಯಾಸ್ಕೆಲಿನಲ್ಲಿ ಒಂದರ ಹಿಂದೆ ಒಂದು ಕೆಲಸ ಜೋಡಿಸುವ ಒಂದು ವಿಧಾನ ಅದು, ನಾನು ಹಾಗೆ ಶುರು ಮಾಡಿ ಎರಡು ಸರ್ತಿ ಬಿಟ್ಟವ. ಮೊನಾಡ್ ಅಂದ್ರೆ ಡಬ್ಬಿ, ಮೊನಾಡ್ ಅಂದ್ರೆ ಪೈಪು, ಹೀಗೆ ಒಬ್ಬೊಬ್ಬರದ್ದು ಒಂದೊಂದು ಹೋಲಿಕೆ, ಎಲ್ಲ ಓದಿ ಕಡೆಗೆ ನನಗೆ ಡಬ್ಬಿಯೂ ಅರ್ಥ ಆಗ್ಲಿಲ್ಲ ಪೈಪೂ ಅರ್ಥ ಆಗ್ಲಿಲ್ಲ. ಮೂರನೇ ಸರ್ತಿ ಹಿಡಿದದ್ದು ಮರದಿಂದ, ಅಂದ್ರೆ ಟ್ರೀಯಿಂದ, ಅಲ್ಲಿಂದ ಪಠ್ಯ ಓದಿ ಬಿಡಿಸುವ ಪಾರ್ಸರಿಗೆ ಹೋದೆ. ಅದು ಕೈಗೆ ಹತ್ತಿತು.

ಮರಕ್ಕೆ ನಮ್ಮ ಊರಿನ ಉದಾಹರಣೆ ಸುರಂಗವೇ ಸಾಕು. ಬದಿಯಡ್ಕ, ಪೆರ್ಲ, ಎಣ್ಮಕಜೆ ಕಡೆ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗ ನೋಡದವರು ಕಡಿಮೆ. ಒಳಗೆ ಹೋಗ್ತಾ ಒಂದು ಕಡೆ ಬಂಡೆ ಸಿಕ್ಕಿ ನಿಲ್ತದೆ, ಒಂದು ಕಡೆ ಒಸರು ಸಿಗ್ತದೆ, ಇಲ್ಲದಿದ್ರೆ ಎರಡು ಕವಲಾಗ್ತದೆ, ಆ ಕವಲಿನ ಒಳಗೆ ಪುನಃ ಇದೇ ಮೂರರಲ್ಲಿ ಒಂದು. ಇಷ್ಟೇ ಡಾಟಾ ಟೈಪು: ಬಂಡೆ, ಒಸರು, ಅಥವಾ ಎರಡು ಸುರಂಗ ಇರುವ ಕವಲು. ಈಗ ಗಂಟೆಗೆ ಒಟ್ಟು ಎಷ್ಟು ಲೀಟರ್ ನೀರು ಹೊರಗೆ ಬರ್ತದೆ ಅಂತ ಲೆಕ್ಕ ಹಾಕ್ಬೇಕು:

ಒಟ್ಟು ಬಂಡೆ = 0
ಒಟ್ಟು (ಒಸರು ಲೀ) = ಲೀ
ಒಟ್ಟು (ಕವಲು ಎಡ ಬಲ) = ಒಟ್ಟು ಎಡ + ಒಟ್ಟು ಬಲ

ಲೂಪ್ ಎಲ್ಲಿ ಹೋಯ್ತು? ಬೇಕಾಗ್ಲೇ ಇಲ್ಲ. ಸುರಂಗದಲ್ಲಿ ಮೂರು ಜಾತಿ ಇತ್ತು, ಫಂಕ್ಷನ್ನಿಗೂ ಮೂರು ಸಾಲು ಬಂತು, ಸುರಂಗದ ಒಳಗೆ ಸುರಂಗ ಇದ್ದಲ್ಲಿ ಫಂಕ್ಷನ್ ತನ್ನನ್ನೇ ಕರೀತದೆ. ಅತಿ ಉದ್ದದ ಕವಲು ಯಾವುದು, ಬಂಡೆ ಎಷ್ಟು ಕಡೆ ಸಿಕ್ಕಿತು, ಎಲ್ಲವೂ ಇದೇ ಮೂರು ಸಾಲು, ಬಲಗಡೆ ಮಾತ್ರ ಬೇರೆ. ಇಂಥದ್ದು ಹತ್ತು ಬರೆಯುವಷ್ಟರಲ್ಲಿ ಲೂಪಿನ ನೆನಪೇ ಹೋಗ್ತದೆ. (ಮೇಲಿನದ್ದನ್ನು ಹಾಗೇ ಕಾಪಿ ಮಾಡಿ ಓಡಿಸ್ಲಿಕ್ಕೆ ಹೋಗ್ಬೇಡಿ, ಹ್ಯಾಸ್ಕೆಲ್‌ನಲ್ಲಿ ಬಂಡೆ, ಕವಲು ಇಂಥ ಕನ್‌ಸ್ಟ್ರಕ್ಟರ್ ಕ್ಯಾಪಿಟಲ್ ಅಕ್ಷರದಿಂದಲೇ ಶುರುವಾಗ್ಬೇಕು, ನಮ್ಮ ಲಿಪಿಯಲ್ಲಿ ಕ್ಯಾಪಿಟಲ್ ಎಲ್ಲಿಂದ ತರೂದು! ಫೈಲಿನಲ್ಲಿ ಇಂಗ್ಲಿಷ್ ಅಕ್ಷರವೇ ಗತಿ.)

ಇನ್ನು ಪಾರ್ಸಿಂಗ್. ಉದ್ದಕ್ಕೆ ಬಿದ್ದಿರುವ ಅಕ್ಷರದ ಸಾಲನ್ನು ಓದಿ ಅದ್ರ ಒಳಗಿನ ಕಟ್ಟನ್ನು ಹೊರಗೆ ತೆಗೆಯೂದು. ಎಲ್ಲರೂ ಕ್ಯಾಲ್ಕುಲೇಟರ್ ಪಾರ್ಸರ್ ಬರೀರಿ ಅಂತಾರೆ, ನಾನೂ ಬರೆದೆ, 8-3-2 ಕೊಟ್ರೆ 3ರ ಬದಲು 7 ಬಂತು, ಯಾಕಂದ್ರೆ ನನ್ನ ಮರ ಬಲಕ್ಕೆ ವಾಲಿ 8-(3-2) ಆಗಿತ್ತು. ಎಡಕ್ಕೆ ವಾಲಿಸ್ಲಿಕ್ಕೆ ಹೋಗಿ "ಲೆಕ್ಕ ಅಂದ್ರೆ ಮೊದಲು ಒಂದು ಲೆಕ್ಕ, ಮತ್ತೆ ಮೈನಸ್" ಅಂತ ಬರೆದ್ರೆ ಲೆಕ್ಕ ಓದ್ಲಿಕ್ಕೆ ಲೆಕ್ಕವನ್ನೇ ಕರೆದು, ಅದು ಪುನಃ ಲೆಕ್ಕವನ್ನು ಕರೆದು ಮುಗಿಯೂದೇ ಇಲ್ಲ. ಮೊದಲು ಒಂದು ಸಂಖ್ಯೆ ಓದಿ, ಉಳಿದ ಮೈನಸ್‌ಗಳನ್ನೆಲ್ಲ ಲಿಸ್ಟು ಮಾಡಿ ಎಡದಿಂದ ಮಡಚಿದ್ರೆ, ಅಂದ್ರೆ ಎಡದಿಂದ ಒಂದೊಂದಾಗಿ ಸೇರಿಸ್ತಾ ಒಂದೇ ಉತ್ತರ ಮಾಡಿದ್ರೆ, ಸರಿಯಾಗ್ತದೆ. ಒಳ್ಳೆ ಪಾಠವೇ, ಆದ್ರೆ ನನಗೆ ರುಚಿ ಹತ್ತಿದ್ದು ಅದ್ರಲ್ಲಿ ಅಲ್ಲ.

ಕನ್ನಡ ಅಕ್ಷರದಲ್ಲಿ. "ಕಾಸರಗೋಡು" ಅಂತ ಕೊಟ್ಟು ಉದ್ದ ಕೇಳಿದ್ರೆ ಹ್ಯಾಸ್ಕೆಲ್ 8 ಅಂತದೆ. ನಾವು ಎಣಿಸಿದ್ರೆ ಕಾ-ಸ-ರ-ಗೋ-ಡು, 5. ಕಂಪ್ಯೂಟರ್ ಅಕ್ಷರ ಇಡುವ ಯೂನಿಕೋಡ್ ಪದ್ಧತಿಯಲ್ಲಿ ದೀರ್ಘ, ಕೊಂಬು, ಓತ್ವ ಎಲ್ಲ ಬೇರೆ ಬೇರೆ ಚಿಹ್ನೆ, ಹಾಗಾಗಿ ಆ 8ರಿಂದ ಈ 5 ಮಾಡ್ಲಿಕ್ಕೆ ಒಂದು ಪಾರ್ಸರ್ ಬೇಕು. ಸೂತ್ರ ಇಷ್ಟೇ: ವ್ಯಂಜನ-ಹಲಂತ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ) ಜೋಡಿ ಸೊನ್ನೆ ಅಥವಾ ಎಷ್ಟು ಬೇಕಾದ್ರೂ, ಮತ್ತೆ ಒಂದು ವ್ಯಂಜನ, ಇದ್ರೆ ಒಂದು ಸ್ವರಚಿಹ್ನೆ, ಇದ್ರೆ ಒಂದು ಅನುಸ್ವಾರವೋ ವಿಸರ್ಗವೋ. ಅಥವಾ ಬರೀ ಸ್ವರ. "ಧರ್ಮ"ದ ಅರ್ಕಾವೊತ್ತು ಕಣ್ಣಿಗೆ ಮ ಆದ ಮೇಲೆ ಕಾಣ್ತದಲ್ಲ, ಫೈಲಿನ ಒಳಗೆ ನೋಡಿದ್ರೆ ಧ, ರ, ಹಲಂತ, ಮ, ನಾಲಗೆ ಹೇಳುವ ಕ್ರಮದಲ್ಲೇ ಉಂಟು, ಇದನ್ನು ನೋಡಿದ ದಿನ ನನಗೆ ಭಾರಿ ಖುಷಿ ಆಗಿತ್ತು.

ಪಾರ್ಸರ್ ಅಂದ್ರೆ ಎಂತ ದೊಡ್ಡ ಸಂಗತಿ ಅಲ್ಲ, ಒಂದು ಫಂಕ್ಷನ್. ಪಠ್ಯ ಕೊಟ್ರೆ ಸಿಕ್ಕಿದ್ದು ಒಂದು, ಉಳಿದ ಪಠ್ಯ ಒಂದು, ಈ ಜೋಡಿ ಕೊಡ್ತದೆ, ಸಿಗದಿದ್ರೆ ಇಲ್ಲ ಅಂತದೆ. ಒಂದು ಪಾರ್ಸರ್ ಉಳಿಸಿದ್ದನ್ನು ಮುಂದಿನದ್ದಕ್ಕೆ ದಾಟಿಸ್ತಾ ಹೋಗೂದು, ಮದುವೆ ಪಂಕ್ತಿಯಲ್ಲಿ ಒಬ್ಬ ಬಡಿಸಿ ಮಿಕ್ಕಿದ ಪಾತ್ರೆ ಮುಂದಿನವನಿಗೆ ಕೊಟ್ಟ ಹಾಗೆ. ಈ ದಾಟಿಸುವ ಕೆಲಸ ಕೈಯಲ್ಲೇ ಬರೀರಿ. ಆರೇಳು ಸರ್ತಿ ಬರೆದಾಗ ಬೇಜಾರಾಗಿ ಅದಕ್ಕೇ ಒಂದು ಸಣ್ಣ ಫಂಕ್ಷನ್ ಮಾಡ್ತೀರಿ. ಅದೇ ಬೈಂಡ್, ಮೊನಾಡ್ ಅಂತ ಹೆದರಿಸ್ತಿದ್ದದ್ದರ ಹೊಟ್ಟೆಯಲ್ಲಿ ಇರೂದು. ನನಗೆ ಅದು ಮೊನಾಡ್ ಅಂತ ಗೊತ್ತಾಗುವಾಗ ವಾರಗಟ್ಟಲೆ ಬಳಸಿ ಆಗಿತ್ತು.

ಒಂದು ಕಡೆ ನೀವೂ ಬೀಳ್ತೀರಿ. ನನ್ನ ಮೊದಲ ಅಕ್ಷರ-ಪಾರ್ಸರಿನಲ್ಲಿ ವ್ಯಂಜನ ಇದ್ರೂ ಆಗ್ತದೆ ಇಲ್ಲದಿದ್ರೂ ಆಗ್ತದೆ, ಚಿಹ್ನೆಯೂ ಹಾಗೇ, ಅನುಸ್ವಾರವೂ ಹಾಗೇ. ಅಂದ್ರೆ ಎಂತದ್ದೂ ತಿನ್ನದೆ "ಆಯ್ತು" ಅಂತ ಹೇಳುವ ಪಾರ್ಸರ್. ಅದನ್ನು "ಆಗುವಷ್ಟು ಸಲ ಮಾಡು" ಅನ್ನುವ ಮೆನಿ (many) ಫಂಕ್ಷನ್ನಿಗೆ ಕೊಟ್ಟೆ. ಅದು ಆಗ್ತಲೇ ಇತ್ತು. ಲ್ಯಾಪ್‌ಟಾಪಿನ ಫ್ಯಾನ್ ಸದ್ದಿಗೆ ಅಮ್ಮ ಒಳಗಿನಿಂದ ಬಂದು ಎಂತದು ಅಂತ ಕೇಳಿದ್ರು. ಇನ್ನೊಂದು, "ಸಾಫ್ಟ್‌ವೇರ್" ಬಂದ ಕೂಡ್ಲೆ ನಿಲ್ತಿತ್ತು, ಅರ್ಧ ದಿನ ಹುಡುಕಿದ ಮೇಲೆ ಗೊತ್ತಾದದ್ದು ಟ ಮತ್ತು ವೇ ಒಂದಕ್ಕೊಂದು ಒತ್ತಾಗಿ ಕೂರದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಿರ್ತಾರೆ ಅಂತ.

ಅಕ್ಷರ ಬಿಡಿಸಿ ಆದ್ರೆ ಲಘು-ಗುರು. ದೀರ್ಘ, ಅನುಸ್ವಾರ, ವಿಸರ್ಗ ಇದ್ರೆ ಗುರು ಅಂತ ಅಕ್ಷರ ನೋಡಿಯೇ ಹೇಳ್ಬಹುದು, ಆದ್ರೆ ಮುಂದೆ ಒತ್ತಕ್ಷರ ಬಂದ್ರೆ ಹಿಂದಿನದ್ದು ಗುರು, "ಧರ್ಮ"ದ ಧ ಹಾಗೆ, ಅದಕ್ಕೆ ಮುಂದಿನದ್ದು ಗೊತ್ತಿರ್ಬೇಕು. ಎಡದಿಂದ ಲೂಪ್ ಹಾಕಿದ್ರೆ ಹಿಂದೆ ಹೋಗಿ ತಿದ್ದಬೇಕು. ಬಲದಿಂದ ಮಡಚುವ ಫೋಲ್ಡ್‌ನಲ್ಲಿ ಮುಂದಿನದ್ದು ಮೊದಲೇ ಕೈಯಲ್ಲಿರ್ತದೆ, ತಿದ್ದೂದೇ ಇಲ್ಲ. ಫೋಲ್ಡ್ ಎರಡು ಜಾತಿ ಯಾಕೆ ಅಂತ ನನಗೆ ಅರ್ಥ ಆದದ್ದು ಇಲ್ಲಿ.

ಟೆಸ್ಟಿಗೆ ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಂಸ್ಕೃತ ಛಂದಸ್ಸಿನ ಗಣಸೂತ್ರ ಯಮಾತಾರಾಜಭಾನಸಲಗಂ ಕೊಟ್ಟೆ. ಮಾತ್ರೆ 15 ಬಂತು. ಯೂನಿಕೋಡ್ ಉದ್ದವೂ 15. ನಾನು ತಪ್ಪಿ ಉದ್ದವನ್ನೇ ಪ್ರಿಂಟ್ ಮಾಡಿದೆನೋ ಅಂತ ಕೋಡನ್ನೆಲ್ಲ ಜಾಲಾಡಿದೆ, ತಪ್ಪೇ ಇಲ್ಲ, ಇದ್ರಲ್ಲಿ ಒತ್ತಕ್ಷರ ಇಲ್ಲ, ಗುರು ಆದದ್ದೆಲ್ಲ ಒಂದೊಂದು ಹೆಚ್ಚಿನ ಚಿಹ್ನೆಯಿಂದಲೇ, ಹಾಗಾಗಿ ಎರಡೂ ಸಮ ಬರ್ಲೇಬೇಕು! ಆ ಹತ್ತು ಅಕ್ಷರದ ಲಿಸ್ಟನ್ನು, ತಲೆ ಒಂದು ತೆಗೆದ ಅದೇ ಲಿಸ್ಟನ್ನು, ಎರಡು ತೆಗೆದದ್ದನ್ನು ಒಟ್ಟಿಗೆ ಜಿಪ್ ಮಾಡಿದ್ರೆ (ಮೂರರಿಂದಲೂ ಒಂದೊಂದು ತೆಗೆದು ಜೋಡಿಸಿದ್ರೆ) ಯಗಣದಿಂದ ಸಗಣದವರೆಗೆ ಎಂಟೂ ಗಣ ಒಂದೇ ಸಾಲಿನ ಕೋಡಿನಲ್ಲಿ ಸಾಲಾಗಿ ಬರ್ತವೆ.

ಇದನ್ನು ಕೇಳಿದವರಲ್ಲಿ ಯಾರಾದ್ರೂ "ಅದಕ್ಕೇ ಸಂಸ್ಕೃತ ಕಂಪ್ಯೂಟರಿಗೆ ಬೆಸ್ಟ್ ಭಾಷೆ" ಅಂತ ಶುರು ಮಾಡ್ತಾರೆ. ಅದು ಬೇರೆ, ಇದು ಬೇರೆ. ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣ ಬರೆಯುವ ಬಿಎನ್‌ಎಫ್ ಪದ್ಧತಿಗೆ ಪಾಣಿನಿ-ಬ್ಯಾಕಸ್ ಫಾರ್ಮ್ ಅಂತ ಹೆಸರಿಡುವಾ ಅಂತ ಪೀಟರ್ ಇಂಗರ್‌ಮನ್ 1967ರಲ್ಲಿ ಹೇಳಿದ್ದು ನಿಜ, ಆದ್ರೆ ಅದು ಸೂತ್ರ ಬರೆಯುವ ರೀತಿಯ ಬಗ್ಗೆ.

ಕಡೆಗೆ ನಾನು ಕಟ್ಟಿದ್ದು ಭಾಮಿನಿ ಷಟ್ಪದಿಯ ಪಾರ್ಸರ್. ಪದ್ಯದೊಳಗೆ ಆರು ಸಾಲು, ಸಾಲಿನೊಳಗೆ ಗಣ, ಗಣದೊಳಗೆ ಅಕ್ಷರ, ಇದೂ ಸುರಂಗದ ಹಾಗೇ ಒಂದು ಮರ. 1, 2, 4, 5ನೇ ಸಾಲು 3+4+3+4, ಹದಿನಾಲ್ಕು ಮಾತ್ರೆ, 3 ಮತ್ತು 6ನೇದ್ದು 3+4+3+4+3+4 ಮತ್ತೆ ಒಂದು ಗುರು, ಇಪ್ಪತ್ತಮೂರು. ಬುಡದಿಂದ ಕೂಡಿಸ್ತಾ ಬಂದ್ರೆ 102 ಬರ್ಬೇಕು. ನಮ್ಮ ಮಾವ ತಾಳಮದ್ದಳೆಗೆ ಪದ ಹೇಳುವವರು, ಸ್ವಂತ ಪದ್ಯವನ್ನೂ ಬರೀತಾರೆ, ಅವರದ್ದೊಂದು ಕೊಟ್ಟೆ. 103 ಬಂತು.

"ಮಾವಾ, ನಾಲ್ಕನೇ ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚುಂಟು."

"ಎಲ್ಲಿ?" ಅಂದ್ರು. ತೋರಿಸಿದೆ, ಸಾಲಿನ ಮೊದಲ ಶಬ್ದ "ಅಮರ್ದು". ಮಾವ ಅಡಿಕೆ ಸುಲಿಯೂದು ಬಿಟ್ಟು ತೊಡೆಗೆ ತಾಳ ಹಾಕಿ ಹಾಡಿದ್ರು. ಸರಿಯಾಗಿ ಕೂತಿತು. "ಅಲ್ಲಿ ರ-ಕಾರ ಒತ್ತಲಿಕ್ಕಿಲ್ಲ ಮಾರಾಯಾ, ತೇಲಿಸೂದು. ಶಿಥಿಲದ್ವಿತ್ವ. ನಿನ್ನ ಮೆಷಿನಿಗೆ ಅದನ್ನು ಹೇಳಿದ್ದೀಯಾ?"

ಹೇಳಿರ್ಲಿಲ್ಲ. ಶಬ್ದ ನೋಡಿ ಒತ್ತಬೇಕೋ ತೇಲಿಸ್ಬೇಕೋ ಅಂತ ಪಾರ್ಸರಿಗೆ ಗೊತ್ತಾಗೂದು ಹೇಗೆ? ಇದಕ್ಕೆ ಮದ್ದು ಹಳತೇ, ಕಂಪ್ಯೂಟರ್ ವಿಜ್ಞಾನಿ ಫಿಲಿಪ್ ವಾಡ್ಲರ್ 1985ರಲ್ಲೇ ಬರೆದದ್ದು: ಪಾರ್ಸರ್ ಒಂದೇ ಉತ್ತರ ಕೊಡೂದು ಬೇಡ, ಆಗಬಹುದಾದ ಎಲ್ಲ ಉತ್ತರದ ಲಿಸ್ಟ್ ಕೊಡ್ಲಿ, ಖಾಲಿ ಲಿಸ್ಟ್ ಅಂದ್ರೆ ಸಿಗ್ಲಿಲ್ಲ ಅಂತ. ಆ ದಾಟಿಸುವ ಸಣ್ಣ ಫಂಕ್ಷನ್ ಒಂದೇ ಜಾಗದಲ್ಲಿತ್ತಲ್ಲ, ಅಲ್ಲಿ ಮೇಬಿ (ಒಂದು ಉತ್ತರ, ಇಲ್ಲದಿದ್ರೆ ಇಲ್ಲ ಅನ್ನುವ ಟೈಪು) ತೆಗೆದು ಲಿಸ್ಟ್ ಹಾಕಿದೆ, ರ್ ಇರುವ ಒತ್ತಿಗೆ ಮಾತ್ರ ಹಿಂದಿನದ್ದು ಗುರುವೂ ಆಗ್ಬಹುದು ಲಘುವೂ ಆಗ್ಬಹುದು ಅಂತ ಬರೆದೆ, ಬಾಕಿ ಕೋಡ್ ಮುಟ್ಲಿಲ್ಲ. "ಅಮರ್ದು" ನಾಲ್ಕು ಮಾತ್ರೆಯ ದಾರಿ ಮೊದಲ ಗಣದಲ್ಲೇ ಬಿದ್ದು ಹೋಯ್ತು, ಮೂರರ ದಾರಿ ಕಡೆಯವರೆಗೆ ಹೋಗಿ 102 ತಂದಿತು. ಮಾವನಿಗೆ ತೋರಿಸಿದ್ರೆ, "ಅದು ನಾನು ಆಗ್ಲೇ ಹಾಡಿದ್ದಲ್ವಾ" ಅಂತ ಹೇಳಿ ಪುನಃ ಮೆಟ್ಟುಕತ್ತಿ ಹತ್ರ ಕೂತ್ರು.