ಕ್ಷಮೆಯನ್ನು ಮೊದಲು ಯಾರು ಕೇಳಬೇಕು?

ರುವಾಂಡದಲ್ಲಿ 1994ರ ನರಮೇಧದಲ್ಲಿ ಕೊಂದವರೂ ಅದರಿಂದ ಬದುಕುಳಿದವರೂ ಅಕ್ಕಪಕ್ಕದ ಮನೆಗಳಲ್ಲಿ ಹೇಗಿದ್ದಾರೆ ಎಂದು ಊರಿನ ಗೆಳೆಯರು ಕೇಳುತ್ತಿರುತ್ತಾರೆ. ‘ಧರ್ಮ ಕ್ಷಮಿಸುವುದನ್ನು ಕಲಿಸಿರಬೇಕು’ ಎಂದು ಉತ್ತರವನ್ನೂ ತಾವೇ ಕೊಡುತ್ತಾರೆ. ಇಲ್ಲಿನ ರಾಜಧಾನಿ ಕಿಗಾಲಿಯಲ್ಲಿ ಬದುಕುತ್ತಿರುವ ನನಗೆ ಅದನ್ನು ಅಷ್ಟು ಸುಲಭವಾಗಿ ಒಪ್ಪಲಾಗದು.

ಇಲ್ಲಿಂದ ದಕ್ಷಿಣಕ್ಕೆ ನ್ಯಾಮಾಟಾ ಎಂಬ ಊರಿದೆ. 1994ರ ಏಪ್ರಿಲ್‌ನಲ್ಲಿ ನರಮೇಧಕ್ಕೆ ಗುರಿಯಾದ ಟುಟ್ಸಿ ಜನಾಂಗದ ಸಾವಿರಾರು ಮಂದಿ ಅಲ್ಲಿನ ಕ್ಯಾಥೊಲಿಕ್ ಚರ್ಚಿನಲ್ಲಿ ಆಶ್ರಯ ಪಡೆದರು. ಹಿಂದಿನ ಹತ್ಯೆಗಳಲ್ಲಿ ಚರ್ಚಿಗೆ ಓಡಿದವರು ಉಳಿದುಕೊಂಡಿದ್ದರು. ಈ ಸಲ ಉಳಿಯಲಿಲ್ಲ. ಈಗ ಅದು ಸ್ಮಾರಕ. ನಾನು ಹೋದಾಗ ಬೆಂಚುಗಳ ಮೇಲೆ ಸತ್ತವರ ಬಟ್ಟೆಗಳು ರಾಶಿ ಬಿದ್ದಿದ್ದವು. ಎಲ್ಲವೂ ಒಂದೇ ಮಣ್ಣಿನ ಬಣ್ಣ. ಬಲಿಪೀಠದ ಹೊದಿಕೆಯಲ್ಲಿ ರಕ್ತದ ಕಲೆ. ಗ್ರೆನೇಡ್ ಚೂರುಗಳು ಕೊರೆದ ತಗಡಿನ ಮಾಡು. ಕೊಂದವರಲ್ಲೂ ಬಹುಪಾಲು ಕ್ರೈಸ್ತರೇ.

ನ್ಯಾಂಗೆಯಲ್ಲಂತೂ ಜನ ಒಳಗಿರುವಾಗಲೇ ಚರ್ಚನ್ನು ಬುಲ್ಡೋಜರ್‌ನಿಂದ ಕೆಡವಿದರು. ಅಲ್ಲಿನ ಪಾದ್ರಿ ಅಥನಾಸ್ ಸೆರೊಂಬಾನಿಗೆ ವಿಶ್ವಸಂಸ್ಥೆಯ ನ್ಯಾಯಮಂಡಳಿ 2008ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು.

ಇಂಥ ಚರಿತ್ರೆಯನ್ನು ಹೊತ್ತ ಚರ್ಚು ಬದುಕುಳಿದವರಿಗೆ ‘ಕ್ಷಮಿಸಿ’ ಎಂದು ಬೋಧಿಸುವುದು ನನ್ನ ಕಣ್ಣಿಗೆ ಕ್ರೌರ್ಯ. ಕ್ಷಮೆಯನ್ನು ಅದು ತಾನೇ ಮೊದಲು ಕೇಳಬೇಕಿತ್ತು. ರುವಾಂಡದ ಬಿಷಪ್ಪರು ನರಮೇಧದಲ್ಲಿ ಕೈಜೋಡಿಸಿದ ಕ್ರೈಸ್ತರ ಪರವಾಗಿ ಕ್ಷಮೆ ಕೋರುವ ಪತ್ರವನ್ನು ಎಲ್ಲ ಚರ್ಚುಗಳಲ್ಲಿ ಓದಿಸಿದ್ದು 2016ರ ನವೆಂಬರ್‌ನಲ್ಲಿ, 22 ವರ್ಷಗಳ ಮೇಲೆ! ಅದು ಸಾಲದೆಂದು ಸರ್ಕಾರ ಹೇಳಿತು. ಮರುವರ್ಷ ಪೋಪ್ ಫ್ರಾನ್ಸಿಸ್ ಕ್ಷಮೆ ಯಾಚಿಸಿದರು.

ಆದರೆ ಮುಶಾಕಾ ಚರ್ಚಿನ ಪಾದ್ರಿ ಉಬಾಲ್ಡ್ ರುಗಿರಂಗೋಗಾ ಅವರ ಬಗ್ಗೆ ಹೇಳಲೇಬೇಕು. ನರಮೇಧದಲ್ಲಿ ಅವರ ತಾಯಿಯೂ ಬಂಧುಗಳೂ ಹತರಾಗಿದ್ದರು. ಊರೂರಲ್ಲಿ ಗಚಾಚಾ ಎಂಬ ಜನನ್ಯಾಯಾಲಯಗಳು ಕೂತು 2012ರ ವೇಳೆಗೆ ಸುಮಾರು 19 ಲಕ್ಷ ಪ್ರಕರಣಗಳನ್ನು ಮುಗಿಸಿದವು. ಶಿಕ್ಷೆ ಅನುಭವಿಸಿದವರು ಊರಿಗೆ ಮರಳಿದರು. ಅಂಥವರಿಗೆ ಉಬಾಲ್ಡ್ ನೇರವಾಗಿ ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಕೊಡಲಿಲ್ಲ. ಆರು ತಿಂಗಳ ಪಾಠ, ಆಮೇಲೆ ನೊಂದ ಕುಟುಂಬದೆದುರು ತಪ್ಪೊಪ್ಪಿಗೆ, ಅನಂತರವೇ ಪರಮಪ್ರಸಾದ. ತಾಯಿಯ ಸಾವಿಗೆ ಕಾರಣನಾದವನ ಮಕ್ಕಳನ್ನು ಅವರೇ ಓದಿಸಿದರು. 2021ರಲ್ಲಿ ಅವರು ತೀರಿಕೊಂಡಾಗ ಇಲ್ಲಿ ಅನೇಕರು ಕಣ್ಣೀರಿಟ್ಟರು.

ಎಲ್ಲರಿಂದಲೂ ಇದನ್ನು ನಿರೀಕ್ಷಿಸಬಾರದು. ನನ್ನ ಸಹೋದ್ಯೋಗಿಯೊಬ್ಬರ ಅಣ್ಣನನ್ನು ಕೊಂದವನು ಬಿಡುಗಡೆಯಾಗಿ ಅದೇ ಊರಿನಲ್ಲಿದ್ದಾನೆ, ಅದೇ ಚರ್ಚಿಗೆ ಬರುತ್ತಾನೆ. ಅವನನ್ನು ಕ್ಷಮಿಸುವ ಮಾತನ್ನು ಅವರು ಎತ್ತುವುದಿಲ್ಲ. ಅಣ್ಣನನ್ನು ಎಲ್ಲಿ ಹೂತಿದ್ದಾನೆ ಎಂಬುದನ್ನಾದರೂ ಅವನ ಬಾಯಿಂದ ಹೇಳಿಸಿ ಎಂದು ಪಾದ್ರಿಯ ಬೆನ್ನು ಬಿದ್ದಿದ್ದಾರೆ.